ಬೈಲಪ್ಪನ ವಠಾರದ ಹಾಟ್‌ಪ್ಲಗ್ಗು

ಗರುಡಾಚಾರ್‌ಪಾಳ್ಯದ ಬೈಲಪ್ಪನ ಬಾಯಿಂದ ‘ನನಗೆ ಗೊತ್ತಿಲ್ಲ’ ಅನ್ನುವ ಮಾತು ಬಂದದ್ದನ್ನು ಅವನ ಹೆತ್ತ ತಾಯಿಯೂ ಕೇಳಿರಲಿಲ್ಲ. ಹುಟ್ಟಿದ ಗಳಿಗೆಯಲ್ಲೇ ಸೂಲಗಿತ್ತಿಗೆ, ಹೊಕ್ಕುಳಬಳ್ಳಿ ಹೇಗೆ ಕತ್ತರಿಸಬೇಕು ಅಂತ ಎರಡು ಬುದ್ಧಿಮಾತು ಹೇಳಿದನಂತೆ. ತಲೆಯ ಮೇಲೆ ವಿಮಾನ ಹೋದರೆ ಸಾಕು, "ದುಬೈಗೆ ಹೊಂಟೈತೆ," ಅನ್ನುತ್ತಿದ್ದ. ಅದು ಏರ್‌ಪೋರ್ಟಿನ ಕಡೆಗೆ ಇಳಿಯುತ್ತಿದ್ದರೆ, "ಏನೋ ಮರ್ತು ವಾಪಸ್ ಬಂದೈತೆ," ಅನ್ನುತ್ತಿದ್ದ.

ಅವನಪ್ಪ ರಾಗಿ ಬೆಳೆದ ನೆಲದಲ್ಲಿ ಬೈಲಪ್ಪ ವಠಾರ ಬೆಳೆದಿದ್ದ. ಹಿಂದೆ ತಾರಸಿ ಹಾಕಿದ ಸ್ವಂತ ಮನೆ. ಮುಂದೆ, ಬೀದಿಗೆ ಮುಖ ಮಾಡಿ, ಕಬ್ಬಿಣದ ಕಂಬದ ಮೇಲೆ ಶೀಟು ಹೊದಿಸಿದ ಮೂರು ಬಾಡಿಗೆ ರೂಮು, ಬೆಂಕಿಪೊಟ್ಟಣ ಜೋಡಿಸಿಟ್ಟ ಹಾಗೆ. ಮೊದಲ ರೂಮಿನಲ್ಲಿ ಯಾದಗಿರಿ ಕಡೆಯ ಮಾನಪ್ಪ, ಅವನ ಹೆಂಡತಿ ಸುಜಾತಾ. ನಡುವಿನ ರೂಮಿನಲ್ಲಿ ಅದೇ ಸೀಮೆಯ ಮುದುಕಿ ಅಯ್ಯಮ್ಮ. ಜೋಳದ ರೊಟ್ಟಿ ಬಡಿದು ಸುತ್ತಲಿನ ಫ್ಯಾಕ್ಟರಿ ಕೆಲಸಗಾರರ ಹೊಟ್ಟೆ ತುಂಬಿಸುವವಳು. ಮೂರನೆಯದರಲ್ಲಿ ಇಬ್ಬರು ಬ್ರಹ್ಮಚಾರಿಗಳು. ಅವರ ಆಸ್ತಿ ಅಂದರೆ ಒಂದು ಬಕೆಟ್ಟು, ಒಂದು ಕನ್ನಡಿ.

ಆ ವರ್ಷ ಗಣೇಶನನ್ನು ಹಲಸೂರು ಕೆರೆಗೆ ಬಿಟ್ಟು ಬಂದ ಮೇಲಿನ ಭಾನುವಾರ ಬೈಲಪ್ಪನ ಮಗಳು ರಮ್ಯಶ್ರೀಯನ್ನು ನೋಡಲು ಹೊರಮಾವಿನಿಂದ ಗಂಡಿನ ಕಡೆಯವರು ಬಂದರು. ಹುಡುಗ ಕೆಂಪರಾಜ್. ಜೊತೆಗೆ ಅವನ ತಾಯಿ ಆಂಜನಮ್ಮ.

ಈ ಆಂಜನಮ್ಮ ಸಾಮಾನ್ಯ ಹೆಂಗಸಲ್ಲ. ಹಿಂದೆ ಕುಕ್ ಟೌನಿನಲ್ಲಿ ಒಂದು ಹೆಣ್ಣು ನೋಡಲು ಹೋಗಿದ್ದಾಗ, ಬಾಗಿಲಲ್ಲಿ ನಿಂತ ಕಾರು ನಮ್ಮದೇ ಅಂದನಂತೆ ಹೆಣ್ಣಿನ ತಂದೆ. ಅಷ್ಟರಲ್ಲಿ ಪಕ್ಕದ ಮನೆಯವನು ಬಂದು ಆ ಕಾರು ಹತ್ತಿಕೊಂಡು ಹೊರಟೇಬಿಟ್ಟ. ಆಂಜನಮ್ಮ ಬಾಯಿಗಿಟ್ಟ ಕೇಸರಿಬಾತನ್ನು ತಟ್ಟೆಗೆ ವಾಪಸ್ ಇಟ್ಟು ಎದ್ದು ಬಂದಳು. "ಕಾರಿಲ್ಲ ಅಂದಿದ್ರೆ ಬಸ್ಸಲ್ಲೇ ಸೊಸೆ ಕರ್ಕೊಂಡ್ ಬತ್ತಿದ್ದೆ. ಸುಳ್ಳನ್ನ ಕರ್ಕೊಂಡ್ ಬಂದು ಎಲ್ಲಿ ಕೂರಿಸ್ಲಿ?" ಅಂತ ಇವತ್ತಿಗೂ ಹೇಳುತ್ತಾಳೆ. ಬೈಲಪ್ಪನ ಮನೆಯಲ್ಲಿ ಕಾಲಿಟ್ಟು ಕೂತ ಕೂಡಲೇ ಮೊದಲು ಹೇಳಿದ್ದೂ ಇದೇ ಕಥೆ.

"ಸುಳ್ಳು ಹೇಳೋರು ಮನುಷ್ಯರೇ ಅಲ್ಲ ತಾಯಿ," ಅಂದ ಬೈಲಪ್ಪ. ಆಮೇಲೆ ಹುಡುಗನ ಕಡೆ ತಿರುಗಿದ. "ಏನ್ ಕೆಲಸ ಮಾಡ್ತೀಯಪ್ಪ?"

ಕೆಂಪರಾಜ್ ಕುರ್ಚಿಯ ತುದಿಗೆ ಜರುಗಿದ. ಈ ಪ್ರಶ್ನೆಗೆ ಉತ್ತರ ಹೇಳಿದಾಗಲೆಲ್ಲ ಎದುರಿಗೆ ಕೂತವರು ಆಕಳಿಸಿದ್ದೇ ಆಕಳಿಸಿದ್ದು. ಒಂದು ಮನೆಯಲ್ಲಿ ಹೆಣ್ಣಿನ ಅಜ್ಜ ನಿದ್ದೆಯೇ ಹೋಗಿ, ಮಾರನೇ ದಿನ ಎದ್ದಿದ್ದನಂತೆ.

"ಇಲ್ಲೇ ಪಕ್ಕದಲ್ಲೇ ಅಂಕಲ್ ನಮ್ ಆಫೀಸು. ಬ್ಯಾಂಕು, ಟೆಲಿಫೋನು ಇವಕ್ಕೆಲ್ಲ ದೊಡ್ಡ ದೊಡ್ಡ ಕಂಪ್ಯೂಟರ್ ಇರ್ತವೆ. ಅವನ್ನ ಆಫ್ ಮಾಡಂಗಿಲ್ಲ. ಓಡ್ತಾ ಇರೋವಾಗ್ಲೇ ಮೆಮೊರಿ ಸೇರಿಸ್ಬೇಕು, ಬೇಡ ಅಂದಾಗ ತೆಗೀಬೇಕು. ಅದನ್ನ ಹಾಟ್‌ಪ್ಲಗ್ ಅಂತಾರೆ. ಮೆಷಿನ್ ಒಳಗೆ ಕರ್ನಲ್ ಅಂತ ಇರುತ್ತೆ, ಯಾರಿಗೆ ಎಷ್ಟು ಜಾಗ ಅಂತ ಹಂಚೋ ಯಜಮಾನ ಇದ್ದಂಗೆ. ಅದ್ರಲ್ಲಿ ಈ ಸೇರ್ಸೋ ತೆಗಿಯೋ ಭಾಗ ನಾನು ನೋಡ್ಕೋತೀನಿ."

"ತೆಗೆದ್ಬಿಟ್ರೆ ಅಲ್ಲಿರೋರ ಗತಿ ಏನಪ್ಪ?" ಅಂದಳು ಬೈಲಪ್ಪನ ಹೆಂಡತಿ ಮುನಿಗಂಗಮ್ಮ. ಬಾಡಿಗೆಯವರ ಕಷ್ಟ ಸುಖ ವಿಚಾರಿಸುವವಳು ಅವಳೇ ಅಲ್ಲವೆ.

ಹುಡುಗನ ಮುಖ ದೀಪಾವಳಿಯಾಯಿತು. "ಕರೆಕ್ಟ್ ಆಂಟಿ! ಅದೇ ಕಷ್ಟದ ಕೆಲಸ! ತೆಗಿಯೋ ಮುಂಚೆ ಅಲ್ಲಿರೋದನ್ನೆಲ್ಲ ಬೇರೆ ಜಾಗಕ್ಕೆ ಸಾಗಿಸ್ಬೇಕು. ಆದ್ರೆ ಯಾರ ಕೆಲಸನೂ ನಿಲ್ಲಬಾರದು. ತಾವು ಜಾಗ ಬದಲಾಯಿಸಿದ್ದು ಅವರಿಗೇ ಗೊತ್ತಾಗಬಾರದು!"

ಬೈಲಪ್ಪನಿಗೆ ಕಂಪ್ಯೂಟರಿನ ಒಂದು ಅಕ್ಷರವೂ ತಲೆಗೆ ಹೋಗಿರಲಿಲ್ಲ. ಆದರೆ ಜಾಗ, ಯಜಮಾನ, ಸೇರಿಸುವುದು, ಸಾಗಿಸುವುದು ಅನ್ನುವ ಮಾತು ಕಿವಿಗೆ ಬಿದ್ದದ್ದೇ ತಡ, ಬೆನ್ನು ಬಿದಿರುಕೋಲಿನಷ್ಟು ನೆಟ್ಟಗಾಯಿತು.

"ಅಯ್ಯೋ, ಇಷ್ಟೇನಾ! ಇದು ನಮ್ ವಠಾರದಲ್ಲಿ ವರ್ಷ ವರ್ಷ ಇದ್ದಿದ್ದೇ ಕಣಪ್ಪ. ಬಾಡಿಗೆಯೋರು ಇದ್ದಂಗೇ ರೂಮು ಸೇರಿಸ್ತೀವಿ, ಇದ್ದಂಗೇ ತೆಗೀತೀವಿ. ಅವ್ರು ಉಣ್ತಿರೋ ತಟ್ಟೇಲಿ ಸಾರು ಕೂಡ ತುಳುಕಾಕಿಲ್ಲ. ಹಂಗ್ ನೋಡಿದ್ರೆ ನಾನೂ ಒಬ್ಬ ಕರ್ನಲ್ಲೇ."

ಕೆಂಪರಾಜ್ ಎದ್ದು ನಿಂತುಬಿಟ್ಟ. ಹೆಣ್ಣು ನೋಡಲು ಬಂದವನು ಮಾವನನ್ನು ನೋಡಿ ಒಪ್ಪಿಬಿಟ್ಟಿದ್ದ. "ಅಂಕಲ್, ನಮ್ಮ ಮ್ಯಾನೇಜರ್‌ಗೂ ಅರ್ಥ ಆಗದೇ ಇರೋದು ನಿಮಗೆ ಆಗಿದೆ! ನಾನು ಕಣ್ಣಾರೆ ನೋಡ್ಬೇಕು!"

ಆಂಜನಮ್ಮ ಮಾತ್ರ ನಡುಮನೆಯ ಅಗಲವನ್ನು ಕಣ್ಣಲ್ಲೇ ಅಳೆಯುತ್ತಿದ್ದಳು. "ಅದೆಲ್ಲ ಸರಿ. ನಿಶ್ಚಿತಾರ್ಥಕ್ಕೆ ಜಾಗ ಎಲ್ಲೈತೆ? ಇಲ್ಲಿ ನಾವ್ ಕೂತ್ರೆ ನೀವ್ ಬೀದೀಲಿ ನಿಲ್ಬೇಕು."

"ಮುಂದಿನ ಮೂರು ರೂಮಿನ ನಡುವಿನ ಗೋಡೆ ತೆಗೆದ್ರೆ ಹಾಲೇ ಹಾಲು ತಾಯಿ! ಮದುವೆ ಛತ್ರದೋರು ಬಂದು ಹೊಟ್ಟೆ ಉರ್ಕೊಂಡ್ ಹೋಗ್ತಾರೆ."

"ಹಂಗಾದ್ರೆ ಆಯುಧಪೂಜೆ ದಿನ ಅದೇ ಹಾಲಲ್ಲಿ ತಟ್ಟೆ ಬದಲಾಯಿಸ್ಕೊಳಾಣ," ಅಂದಳು ಆಂಜನಮ್ಮ. "ಹಾಲಿದ್ರೆ ಸಂಬಂಧ. ಇಲ್ದಿದ್ರೆ ಕುಕ್ ಟೌನ್ ಕಥೇನೇ."

ಅವರ ಕಾರು ಬೀದಿ ದಾಟಿದ್ದೇ ಮುನಿಗಂಗಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ವರ್ಷ ವರ್ಷ ಅಂದ್ರಲ್ಲ, ಯಾವ್ ವರ್ಷದಿಂದ?"

"ಈ ವರ್ಷದಿಂದ," ಅಂದ ಬೈಲಪ್ಪ. "ಸುರು ಅಂತ ಒಂದು ವರ್ಷ ಇರ್ಬೇಕಲ್ಲ."

ರಮ್ಯಶ್ರೀ ಅಡುಗೆಮನೆಯ ಬಾಗಿಲಿಂದ ಈಚೆ ಬಂದಳು. ಹುಡುಗನಿಗೆ ಮೂರು ಸಲ ಕಾಫಿ ಕೊಟ್ಟಿದ್ದಳು. ಅಷ್ಟು ಸಾಕು, ಮಗಳ ಮನಸ್ಸು ತಾಯಿಗೆ ಗೊತ್ತಾಗಲು. "ಅಪ್ಪ, ನಂಗೆ ಅವ್ರು ಇಷ್ಟ ಆಗವ್ರೆ. ನಿನ್ ಬಾಯಿಂದ ಈ ಸಂಬಂಧ ತಪ್ಪೋಗ್ಬಾರ್ದು ನೋಡು," ಅಂದವಳ ಕಣ್ಣು ತುಂಬಿತ್ತು. ಆ ಕಣ್ಣು ನೋಡಿದ ಬೈಲಪ್ಪ ನಿಂತಲ್ಲೇ ಗಾರೆಯವರಿಗೆ ಫೋನ್ ಮಾಡಿದ.

ಮಾರನೇ ದಿನವೇ ಶಿವಾಜಿನಗರದಿಂದ ಗಾರೆ ಕೆಲಸದ ಅಕ್ತರ್, ಅವನ ತಮ್ಮ ಅಸ್ಗರ್ ಬಂದಿಳಿದರು. ಗುಜರಿಯಿಂದ ಹಳೇ ಬಾಗಿಲು, ಕಿಟಕಿ, ಶೀಟು ತಂದು ಬೈಲಪ್ಪನ ತಾರಸಿಯ ಮೇಲೆ ಮೂರು ರೂಮು ಎಬ್ಬಿಸಿದರು. ಒಂದರ ಬಾಗಿಲು ಹಸಿರು, ಒಂದರದು ನೀಲಿ, ಮೂರನೆಯದು ಯಾವುದೋ ಆಸ್ಪತ್ರೆಯದಿರಬೇಕು, ‘ಸದ್ದು ಮಾಡಬೇಡಿ’ ಅಂತ ಬರೆದಿತ್ತು.

ಕರೆಂಟು ಎಳೆಯುವ ದಿನ ಅಕ್ತರ್ ಏಣಿ ಹತ್ತಿ ಕೂಗಿದ. "ಬೈಲಪ್ಪಣ್ಣ, ಮೇನ್ ಆಫ್ ಮಾಡಿ!"

"ಆಫಾ? ಆಫ್ ಅನ್ನೋ ಮಾತೇ ಈ ವಿದ್ಯೇಲಿಲ್ಲ! ಓಡ್ತಾ ಇದ್ದಂಗೇ ಸೇರಿಸ್ಬೇಕು!"

"ವಿದ್ಯೇಲಿಲ್ಲ ಅಣ್ಣ, ಆದ್ರೆ ವೈರಲ್ಲಿ ಕರೆಂಟ್ ಐತಲ್ಲ! ಅರೆ ಅಲ್ಲಾ, ನನಗೆ ನಾಲ್ಕು ಮಕ್ಳು!"

"ಹೆದ್ರಬ್ಯಾಡ ಕಣಯ್ಯ, ನಾನಿಲ್ವಾ?"

ಅಕ್ತರ್ ಕೈ ಹಾಕಿದ. ಅವನ ಗಡ್ಡ ನೆಟ್ಟಗೆ ನಿಂತದ್ದು ಸಂಜೆಯವರೆಗೂ ಇಳಿಯಲಿಲ್ಲ. ಮುನಿಗಂಗಮ್ಮ ಸದ್ದಿಲ್ಲದೆ ಹೋಗಿ ಮೇನ್ ಆರಿಸಿ ಬಂದು, "ಕರೆಂಟ್ ಹೋಯ್ತು ಕಣ್ರೀ," ಅಂದಳು. ಕೆಲಸ ಮುಗಿದ ಮೇಲೆ, "ಬಂತು ಕಣ್ರೀ," ಅಂದಳು. ಬೈಲಪ್ಪ ಮೀಸೆ ತಿರುವಿದ. "ನೋಡ್ದಾ? ಆಫ್ ಮಾಡ್ದೇನೇ ಆಯ್ತು."

ಆ ಕಡೆ ಕೆಂಪರಾಜ್‌ಗೆ ನಿದ್ದೆಯಿಲ್ಲ. ಹುಡುಗಿಗೆ ಫೋನ್ ಮಾಡುವ ವಯಸ್ಸಿನಲ್ಲಿ ದಿನಾ ಮಾವನಿಗೆ ಫೋನ್ ಮಾಡುತ್ತಿದ್ದ. "ಅಂಕಲ್, ಸೇರ್ಸಿದ್ರೆ ಮಾತ್ರ ಸಾಲ್ದು ಅಲ್ವಾ? ಆನ್‌ಲೈನ್ ಅಂತ ಮಾಡೋವರ್ಗೂ ಆ ಜಾಗನ ಯಾರೂ ಮುಟ್ಟಂಗಿಲ್ಲ. ನೀವು ಹೆಂಗ್ ಮಾಡ್ತೀರಾ?"

"ನಾವಾ? ತೆಂಗಿನಕಾಯಿ ಒಡೀತೀವಿ," ಅಂದ ಬೈಲಪ್ಪ.

ಅಂದ ಮೇಲೆ ಒಡೆಯಲೇಬೇಕಲ್ಲ. ಮೂರು ರೂಮಿನ ಹೊಸ್ತಿಲಲ್ಲೂ ಕಾಯಿ ಒಡೆದು, ಒಂದೊಂದು ಕಾಯಿಗೂ "ಆನ್‌ಲೈನ್!" ಅಂತ ಕೂಗಿದ. ಆ ಕೂಗಿಗೆ ಕೆ.ಆರ್. ಪುರದ ರೈಲು ನಿಂತು ಆಮೇಲೆ ಹೋಯಿತು ಅನ್ನುತ್ತಾರೆ.

ಮೊದಲು ಬ್ರಹ್ಮಚಾರಿಗಳನ್ನು ಸಾಗಿಸಿದ. ಒಬ್ಬ ಬಕೆಟ್ಟು ಹಿಡಿದ, ಇನ್ನೊಬ್ಬ ಕನ್ನಡಿ ಹಿಡಿದ. ಮೆಟ್ಟಿಲು ಹತ್ತುತ್ತ ಹತ್ತುತ್ತಲೇ ತಲೆ ಬಾಚಿಕೊಂಡ. ಬೈಲಪ್ಪನಿಗೆ ಧೈರ್ಯ ಬಂತು.

ಇನ್ನು ಮಾನಪ್ಪ. ಅವನದು ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ. ಬೆಳಗ್ಗೆ ಬಂದು ಮಲಗಿದರೆ ಆ ನಿದ್ದೆಗೆ ಕುಂಭಕರ್ಣ ಬಂದು ಟ್ಯೂಷನ್ ತಗೊಳ್ಳಬೇಕು. ಅವನಿಗೇ ಗೊತ್ತಾಗದ ಹಾಗೆ ಸಾಗಿಸಲು ಇದಕ್ಕಿಂತ ಒಳ್ಳೇ ಗಿರಾಕಿ ಸಿಗುವುದುಂಟೆ?

"ಇವತ್ತು ಪಿತೃಪಕ್ಷದ ಅಮಾಸೆ ಕಣ್ರೀ," ಅಂದಳು ಮುನಿಗಂಗಮ್ಮ. "ಇವತ್ ಯಾರಾದ್ರೂ ಮನೆ ಬದಲಾಯಿಸ್ತಾರಾ?"

"ಬದಲಾಯಿಸೋದಲ್ಲ ಕಣೇ. ಓಡ್ತಾ ಇದ್ದಂಗೇ ಜರುಗಿಸೋದು. ಇದಕ್ಕೆ ಅಮಾಸೆ ಪಮಾಸೆ ಇಲ್ಲ."

ಮಾನಪ್ಪನನ್ನು ಮಲಗಿದ ಚಾಪೆಯ ಸಮೇತ ಎತ್ತಿದರು. ತಲೆಯ ಕಡೆ ಬೈಲಪ್ಪ ಮತ್ತು ಅಕ್ತರ್, ಕಾಲ ಕಡೆ ಬ್ರಹ್ಮಚಾರಿಗಳು. ಸುಜಾತಾ ಆಗ ಸೀಮೆಎಣ್ಣೆ ಸ್ಟೋವಿನ ಮೇಲೆ ಬೇಳೆ ಇಟ್ಟಿದ್ದಳು. "ಆರಿಸ್ತೀನ್ರಿ ಮಾಲಕ್ರ," ಅಂದಳು.

"ಆರಿಸ್ಬ್ಯಾಡ! ಯಾವುದೂ ನಿಲ್ಲಂಗಿಲ್ಲ! ಉರಿಯೋ ಸ್ಟೋವ್ ಹಂಗೇ ಹಿಡ್ಕೊಂಡು ಮುಂದೆ ನಡಿಯಮ್ಮ!"

ಟಿವಿಯೂ ನಿಲ್ಲುವಂತಿರಲಿಲ್ಲ. ಅಸ್ಗರ್ ಅದನ್ನು ತಲೆಯ ಮೇಲೆ ಹೊತ್ತ. ಹಿಂದೆ ಹಾವಿನಂತೆ ಉದ್ದನೆಯ ವೈರು. ಟಿವಿಯಲ್ಲಿ ಧಾರಾವಾಹಿ. ಆ ಹೊತ್ತಿಗೆ ಸರಿಯಾಗಿ ಅದರ ಸೊಸೆ, "ನನ್ನ ಬಿಟ್ಟು ಹೋಗ್ಬಿಟ್ರಾ!" ಅಂತ ಎದೆ ಬಡಿದುಕೊಂಡು ಅಳಲು ಶುರುಮಾಡಿದಳು.

ತಾರಸಿಯ ಮೆಟ್ಟಿಲು ಇದ್ದದ್ದು ಬೀದಿಯ ಕಡೆ. ಈಗ ನೀವೇ ಹೇಳಿ. ಅಮಾವಾಸ್ಯೆಯ ದಿನ, ಮುಂದೆ ಹೊಗೆಯಾಡುವ ಬೆಂಕಿ ಹಿಡಿದ ಹೆಂಗಸು. ಹಿಂದೆ ನಾಲ್ಕು ಜನರ ಕೈಯಲ್ಲಿ ಚಾಪೆಯ ಮೇಲೆ ಬಾಯಿ ಬಿಟ್ಟುಕೊಂಡು ಮಲಗಿದ ಗಂಡಸು. ಎಲ್ಲಿಂದಲೋ ಹೆಣ್ಣು ದನಿಯ ಗೋಳು. ಎದುರು ಮನೆಯಲ್ಲಿ ಬ್ಲೌಸು ಹೊಲಿಯುತ್ತಿದ್ದ ರೇವತಿ ತಲೆ ಎತ್ತಿ ನೋಡಿ ಏನಂದುಕೊಳ್ಳಬೇಕು?

"ಅಯ್ಯೋ ಮಾನಪ್ಪಣ್ಣ! ನಿನ್ನೆ ತಾನೇ ಪ್ಯಾಂಟ್ ಉದ್ದ ಆಯ್ತು ಅಂತ ಕೊಟ್ಟು ಹೋಗಿದ್ಯಲ್ಲೋ! ಇನ್ ಯಾರಿಗೋ ಮೊಟಕು ಮಾಡ್ಲಿ ಅದನ್ನ!"

ಕತ್ತರಿ ಕೈಯಲ್ಲಿ ಹಿಡಿದೇ ಓಡಿಬಂದು ಸುಜಾತಾಳನ್ನು ತಬ್ಬಿಕೊಂಡಳು. ಸುಜಾತಾ ತಿರುಗಿ ಗಂಡನನ್ನು ನೋಡಿದಳು. ರೇವತಿ ಇಷ್ಟು ಅಳುತ್ತಿದ್ದಾಳೆ ಅಂದ ಮೇಲೆ ಏನೋ ಆಗಿಯೇ ಇರಬೇಕು ಅಂತ ಅವಳೂ ಅಳಲು ಶುರುಮಾಡಿದಳು. ಬೇಳೆ ಉಕ್ಕಿತು. ಬೀದಿಯ ಜನವೆಲ್ಲ ಬಂದು ಸೇರಿದರು. ಅರ್ಧ ಗಂಟೆಯೊಳಗೆ ಹಾರ ಬಂತು, ಊದುಬತ್ತಿ ಬಂತು, ಮಾನಪ್ಪ ಎಷ್ಟು ಒಳ್ಳೆಯವನು ಅಂತ ಹೇಳಲು ಅವನ ಹೆಸರೇ ಗೊತ್ತಿಲ್ಲದವರೆಲ್ಲ ಬಂದರು. ಚಾಪೆ ಮೆಟ್ಟಿಲ ನಡುವೆಯೇ ಸಿಕ್ಕಿಹಾಕಿಕೊಂಡಿತು, ಮೇಲೂ ಇಲ್ಲ, ಕೆಳಗೂ ಇಲ್ಲ. ಬೈಲಪ್ಪ, "ಸತ್ತಿಲ್ಲ ಕಣ್ರಯ್ಯ, ಆನ್ ಅವ್ನೆ!" ಅಂತ ಕಿರುಚಿದ್ದು ಯಾರ ಕಿವಿಗೂ ಬೀಳಲಿಲ್ಲ.

ಕೊನೆಗೆ ತಮಟೆಯವರು ಬಂದರು. ಮೊದಲ ಪೆಟ್ಟು ಬಿದ್ದದ್ದೇ ಮಾನಪ್ಪ ಎದ್ದು ಕೂತ. ಕೊರಳಲ್ಲಿ ಮಲ್ಲಿಗೆ ಹಾರ, ಮುಂದೆ ಇನ್ನೂರು ಜನ.

"ಯಾರದ್ರೀ ಮದುವಿ?" ಅಂದ.

ಹೆಂಗಸರು ಮೂವರು ಮೂರ್ಛೆ ಹೋದರು. ಬ್ರಹ್ಮಚಾರಿಗಳು ಚಾಪೆ ಬಿಟ್ಟು ಓಡಿದರು. ಅಷ್ಟರಲ್ಲಿ ಸುದ್ದಿ ತಿಳಿದು ಹೆಡ್ ಕಾನ್‌ಸ್ಟೇಬಲ್ ಸಂಜೀವಪ್ಪ ಸೈಕಲ್ ನಿಲ್ಲಿಸಿ ಬಂದ.

"ಹೆಣ ಎಲ್ಲಿ?"

"ನಾನಾ ರೀ ಸಾಹೇಬ್ರ," ಅಂದ ಮಾನಪ್ಪ ಎದ್ದು ನಿಂತು ಕೈಮುಗಿದು.

"ನೀನು ಬದುಕಿದ್ದೀಯಲ್ಲೋ!"

"ಹೌದ್ರಿ. ತಪ್ಪಾತ್ರಿ."

ಸಂಜೀವಪ್ಪ ಬೈಲಪ್ಪನ ಕಡೆ ತಿರುಗಿದ. "ಏನ್ರೀ ಬೈಲಪ್ಪ ಇದು?"

"ಸಾರ್, ಅದು... ಒಂದ್ ಜಾಗದಿಂದ ಇನ್ನೊಂದ್ ಜಾಗಕ್ಕೆ... ಇವ್ನಿಗೆ ಗೊತ್ತಾಗ್ದಂಗೆ ಇವ್ನನ್ನ ಸಾಗಿಸ್ತಾ ಇದ್ವಿ."

"ಮನುಷ್ಯನ್ನ ಗೊತ್ತಾಗ್ದಂಗೆ ಸಾಗಿಸೋದಕ್ಕೆ ನಮ್ ಸ್ಟೇಷನ್ನಲ್ಲಿ ಬೇರೆ ಹೆಸರೈತೆ ಕಣ್ರೀ!"

ಮುನಿಗಂಗಮ್ಮ ನಡುವೆ ಬಂದು, ಎಲ್ಲರಿಗೂ ಕಾಫಿ ಕೊಟ್ಟು, ತಮಟೆಯವರನ್ನು ಸಮಾಧಾನ ಮಾಡಿ ಕಳಿಸುವ ಹೊತ್ತಿಗೆ ಸಂಜೆಯಾಯಿತು. "ಇನ್ಮ್ಯಾಲ ನಾ ಎಚ್ಚರಿದ್ದಾಗ ಹೇಳ್ರಿ ಮಾಲಕ್ರ," ಅಂದ ಮಾನಪ್ಪ ಹಾರ ಬಿಚ್ಚುತ್ತ. "ನಡಕೋತ ಹೋಗ್ತೀನಿ." ಹೇಳಿದಂತೆಯೇ ಚಾಪೆ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲು ಹತ್ತಿ ಹೋಗಿ, ಹಸಿರು ಬಾಗಿಲಿನ ರೂಮಿನಲ್ಲಿ ಮಲಗಿಬಿಟ್ಟ.

ನಾಚಿಕೆಯಿಂದ ಬೈಲಪ್ಪ ಕೆಲವು ದಿನ ಬೀದಿಗೆ ಮುಖ ತೋರಿಸಲಿಲ್ಲ. ಅಕ್ತರ್ ಮತ್ತು ಅಸ್ಗರ್ ಮಾತ್ರ ಖಾಲಿಯಾದ ಎರಡು ರೂಮಿನಲ್ಲಿ ಕೂತು, ನಡುವಿನ ಎರಡು ಗೋಡೆಗಳ ಅಂಚನ್ನು ಸುತ್ತಲೂ ಕೊರೆದು, ಹಗ್ಗ ಕಟ್ಟಿ, ಎಳೆದರೆ ತಮ್ಮ ಕಡೆಗೇ ಬೀಳುವ ಹಾಗೆ ಸಿದ್ಧ ಮಾಡಿಟ್ಟರು. ಒಂದೇ ಇಟ್ಟಿಗೆ ದಪ್ಪದ ಗೋಡೆ. ಭಾರವೆಲ್ಲ ಕಬ್ಬಿಣದ ಕಂಬದ ಮೇಲಿತ್ತು.

ಉಳಿದದ್ದು ಅಯ್ಯಮ್ಮ ಒಬ್ಬಳು. ‘ಮುದುಕಿ, ಅವಳದೇನು, ಒಂದು ಹೆಂಚು, ಹಿಟ್ಟು ನಾದೋ ಒಂದು ಕೊಣಮಿಗೆ,’ ಅಂದುಕೊಂಡು ಬೈಲಪ್ಪ ಒಂದು ಬೆಳಗ್ಗೆ ನಡುವಿನ ರೂಮಿನ ಬಾಗಿಲು ತಳ್ಳಿದ. ತಳ್ಳಿದವನು ಹೊಸ್ತಿಲಲ್ಲೇ ನಿಂತ.

ನೆಲದ ಮೇಲೆ ಮಣ್ಣಿನ ಪಾತಿ. ಅದರಲ್ಲಿ ಬಿತ್ತಿದ ಜೋಳ, ಗೋಧಿ, ಹೆಸರು ಬೆರಳುದ್ದ ಮೊಳಕೆ ಬಂದು ಹಳದಿ ಹಸಿರಾಗಿ ನಿಂತಿದ್ದವು. ನಡುವೆ ಕಾಯಿ ಇಟ್ಟ ಮಣ್ಣಿನ ಗಡಿಗೆ. ಪಕ್ಕದಲ್ಲಿ ಉರಿಯುವ ದೀಪ, ಒಂದು ಹಿತ್ತಾಳೆ ಗಂಟೆ. ಎದುರಿಗೆ ಅಯ್ಯಮ್ಮ ಚಕ್ಕಳಮಕ್ಕಳ ಹಾಕಿ ಕೂತಿದ್ದಳು.

"ಬರ್ರಿ ಮಾಲಕ್ರ. ಚಪ್ಪಲಿ ಬಿಟ್ಟು ಬರ್ರಿ. ದೇವಿಗಿ ಕೈ ಮುಗೀರಿ."

"ಏನಜ್ಜಿ ಇದು?"

"ಘಟ್ಟಾ ಹಾಕೀನ್ರಿ. ನಮ್ ಕಡೆ ನವರಾತ್ರಿಗೆ ಹಾಕ್ತೀವಲ್ಲ. ದಸರಾ ದಿನ ಬನ್ನಿ ಮುಡಿಯೂತನಕ ಅಳ್ಳಾಡ್ಸಂಗಿಲ್ಲ. ದೇವಿನೂ ಏಳಂಗಿಲ್ಲ, ನಾನೂ ಏಳಂಗಿಲ್ಲ."

ದಸರಾ ಅಂದರೆ ಆಯುಧಪೂಜೆಯ ಮಾರನೇ ದಿನ! ಬೈಲಪ್ಪನ ಮನೆತನದಲ್ಲಿ ಘಟ್ಟ ಹಾಕುವ ಪದ್ಧತಿಯಿರಲಿಲ್ಲ. ಹೀಗೊಂದು ಇರುತ್ತದೆ ಅಂತ ಯಾರಾದರೂ ಹೇಳಹೊರಟಿದ್ದರೂ ಅವನು, ‘ಗೊತ್ತು ಬಿಡು,’ ಅಂದಿರುತ್ತಿದ್ದ.

"ಮೇಲಿನ ರೂಮಲ್ಲಿ ಒಳ್ಳೆ ಗಾಳಿ ಬತ್ತದೆ ಅಜ್ಜಿ."

"ಗಾಳಿ ಬಂದ್ರ ದೀಪ ಆರ್ತೈತ್ರಿ."

"ದೀಪ ಉರೀತಿದ್ದಂಗೇ ಎತ್ಕೊಂಡ್ ಹೋಗಾಣ. ಪಾತಿ, ಗಡಿಗೆ, ನೀನು, ಎಲ್ಲಾ ಒಟ್ಗೆ. ದೇವಿಗೆ ಗೊತ್ತೇ ಆಗಲ್ಲ!"

"ದೇವಿಗಿ ಗೊತ್ತಾಗಂಗಿಲ್ಲಾ?" ಅಯ್ಯಮ್ಮ ಬೊಚ್ಚುಬಾಯಿ ತುಂಬ ನಕ್ಕಳು. "ಆಕಿ ಏನ್ ಮಾನಪ್ಪನೇನ್ರಿ, ಚಾಪ್ಯಾಗ ಹೊತ್ಕೊಂಡು ಹೋಗಾಕ?"

ಬೈಲಪ್ಪ ದಿನಾ ಹೋದ. ಬಾಳೆಹಣ್ಣು ಒಯ್ದ, ಎಣ್ಣೆ ಒಯ್ದ, ಕೊನೆಗೆ ಹೆಂಡತಿಯನ್ನು ಒಯ್ದ. ಮುನಿಗಂಗಮ್ಮ ಘಟ್ಟ ನೋಡಿದ್ದೇ ತಲೆಗೆ ಸೆರಗು ಹೊದ್ದು ಅಯ್ಯಮ್ಮನ ಪಕ್ಕದಲ್ಲಿ ಕೂತುಬಿಟ್ಟಳು. ಅಲ್ಲಿಗೆ ಏಳಿಸಬೇಕಾದವರು ಒಬ್ಬರಿದ್ದದ್ದು ಇಬ್ಬರಾದರು.

ಆಯುಧಪೂಜೆಯ ಬೆಳಗಾಯಿತು. ಬೀದಿಯ ಲಾರಿ, ಆಟೋ, ಸೈಕಲ್ಲುಗಳೆಲ್ಲ ಬಾಳೆಕಂದು ಕಟ್ಟಿಸಿಕೊಂಡು ಮದುಮಕ್ಕಳಂತೆ ನಿಂತಿದ್ದವು. ಬೈಲಪ್ಪ ಒಬ್ಬನೇ ಒಡೆದ ಬೂದುಗುಂಬಳಕಾಯಿಯಂತಾಗಿದ್ದ. ಆದರೂ ಆಸೆ ಬಿಡಲಿಲ್ಲ. ಅಕ್ತರ್‌ನನ್ನು ಒಂದು ಖಾಲಿ ರೂಮಿನಲ್ಲಿ, ಅಸ್ಗರ್‌ನನ್ನು ಇನ್ನೊಂದರಲ್ಲಿ ಹಗ್ಗ ಹಿಡಿಸಿ ನಿಲ್ಲಿಸಿದ.

"ಹೆಂಗಾದ್ರೂ ಮಾಡಿ ಅಜ್ಜೀನ ಒಪ್ಪಿಸ್ತೀನಿ. ಎದ್ದ ತಕ್ಷಣ ದೇವಿ ಮುಂದಿರೋ ಗಂಟೆ ಬಾರಿಸ್ತೀನಿ. ಗಂಟೆ ಕೇಳ್ಸಿದ್ರೆ ಎಳೀರಿ. ಆಮೇಲೆ ಯಾರು ನಿಲ್ಸು ಅಂದ್ರೂ ನಿಲ್ಲಿಸ್ಬ್ಯಾಡಿ. ನಿಲ್ಸೋದು ಈ ವಿದ್ಯೇಲೇ ಇಲ್ಲ!"

"ಆಯ್ತು ಅಣ್ಣ. ಕರೆಂಟಿಲ್ಲ ತಾನೆ ಇದ್ರಲ್ಲಿ?" ಅಂದ ಅಕ್ತರ್ ಗಡ್ಡ ಸವರಿಕೊಳ್ಳುತ್ತ.

ಬೀಗರು ಬಂದೇಬಿಟ್ಟರು. ಕಾರು ನಿಲ್ಲುವ ಮೊದಲೇ ಕೆಂಪರಾಜ್ ಇಳಿದು ಓಡಿದ. ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತ ರಮ್ಯಶ್ರೀಗೆ, "ಹಾಯ್, ಒಂದ್ನಿಮಿಷ," ಅಂದು, ನೇರ ತಾರಸಿಗೆ ಹತ್ತಿದ. ಮೂರು ರೂಮು ಮುಟ್ಟಿ ನೋಡಿದ, ಹೊಸ್ತಿಲ ಕಾಯಿಹೋಳು ಎತ್ತಿ ನೋಡಿದ, ಮಲಗಿದ್ದ ಮಾನಪ್ಪನನ್ನು ಬಗ್ಗಿ ನೋಡಿದ. "ಗೊತ್ತೇ ಆಗಿಲ್ಲ ಇವರಿಗೆ!" ಅಂತ ಕುಣಿಯುತ್ತ ಕೆಳಗಿಳಿದ.

ಆಂಜನಮ್ಮ ಬೀದಿಯಲ್ಲಿ ನಿಂತು ಮೂರು ಬಾಗಿಲನ್ನೂ ನೋಡಿದಳು. ಅವಳ ಹಿಂದೆ ತಟ್ಟೆ ಹಿಡಿದ ನೆಂಟರ ದಂಡು. "ಹಾಲೆಲ್ಲಿ?"

"ಒಂದ್ ಗಳಿಗೆ ತಾಯಿ," ಅಂದು ಬೈಲಪ್ಪ ನಡುವಿನ ಬಾಗಿಲು ತೆಗೆದು ಒಳಗೆ ನುಗ್ಗಿದ. ಅವನ ಹಿಂದೆ ಕೆಂಪರಾಜ್, ಅವನ ಹಿಂದೆ ಆಂಜನಮ್ಮ, ಅವಳ ಹಿಂದೆ ಹೊರಮಾವು ಪೂರ್ತಿ. ನಾಲ್ಕು ಜನ ಕೂತರೆ ಐದನೆಯವರು ಉಸಿರು ಹಿಡಿಯಬೇಕಾದ ರೂಮಿನಲ್ಲಿ ಇಡ್ಲಿ ತಟ್ಟೆಯಂತೆ ಒಬ್ಬರ ಮೇಲೊಬ್ಬರು ನಿಂತರು. ನಡುವೆ ಘಟ್ಟ. ಅಯ್ಯಮ್ಮ ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದಳು.

"ಅಜ್ಜಿ, ನಿನ್ ಕಾಲಿಗ್ ಬೀಳ್ತೀನಿ. ಒಂದೇ ಒಂದ್ ಗಂಟೆ ಹೊತ್ತು ಎದ್ದೇಳು," ಬೈಲಪ್ಪ ಪಿಸುಗುಟ್ಟಿದ.

"ಏಳಂಗಿಲ್ರಿ," ಅಂದಳು ಅಯ್ಯಮ್ಮ, ಕಣ್ಣು ತೆರೆಯದೆ.

ಕೆಂಪರಾಜ್ ಆ ಘಟ್ಟ ನೋಡಿದ, ಮುದುಕಿಯನ್ನು ನೋಡಿದ, ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. "ಅಂಕಲ್! ಇದೇ! ಇದೇ ನನ್ನ ಪ್ರಾಬ್ಲಮ್ಮು! ಎಲ್ಲಾ ಎದ್ದು ಹೋಗ್ತಾರೆ, ಒಬ್ಬರು ಮಾತ್ರ ಏಳಲ್ಲ! ಆ ಒಬ್ಬರಿಂದ ಇಡೀ ಜಾಗ ತೆಗಿಯಕ್ಕಾಗಲ್ಲ! ಎಷ್ಟು ತಿಂಗಳಿಂದ ಆಫೀಸಲ್ಲಿ ಒದ್ದಾಡ್ತಿದೀನಿ. ಇವತ್ತು ಅವರನ್ನ ಎದುರುಗಡೆ ನೋಡ್ದೆ!" ಅಂದು ಅಯ್ಯಮ್ಮನಿಗೆ ಉದ್ದಂಡ ನಮಸ್ಕಾರ ಹಾಕಲು ಜಾಗವಿಲ್ಲದೆ ನಿಂತಲ್ಲೇ ಬಗ್ಗಿದ.

"ನೀನ್ ಏಳಿಸ್ತೀಯೇನಪ್ಪ ಹಂಗಾದ್ರೆ?" ಬೈಲಪ್ಪ ಆಸೆಯಿಂದ ಕೇಳಿದ.

"ಏಳಿಸ್ಲೇಬಾರದು ಅಂಕಲ್! ಬಲವಂತ ಮಾಡಿದ್ರೆ ಇಡೀ ಮೆಷಿನ್ನೇ ಕುಸಿದು ಬೀಳುತ್ತೆ. ಅದಕ್ಕೇ ಮುಂದೆ ಯಾವತ್ತಾದ್ರೂ ತೆಗಿಯೋ ಜಾಗ ಅಂತ ಇದ್ರೆ, ಅಲ್ಲಿ ಇಂಥೋರನ್ನ ಮೊದಲಿಂದಲೇ ಕೂರಿಸ್ಬಾರ್ದು. ಎದ್ದು ಹೋಗೋರನ್ನ ಮಾತ್ರ ಕೂರಿಸ್ಬೇಕು. ನೀವು ವರ್ಷ ವರ್ಷ ಏನ್ ಮಾಡ್ತೀರಾ, ಹೇಳಿ ಅಂಕಲ್, ಹೇಳಿ!"

"ಹೇಳ್ರಿ," ಅಂದಳು ಆಂಜನಮ್ಮ. ಅವಳ ದನಿ ಕುಕ್ ಟೌನ್ ಕಡೆಗೆ ತಿರುಗಿತ್ತು. "ನನ್ ಕಣ್ಣಿಗೆ ಗೋಡೆ ಗೋಡೆಯಾಗೇ ಕಾಣ್ತೈತೆ. ಹೋದ್ ವರ್ಷ ತೆಗೆದ್ರಾ? ಅದರ ಹಿಂದಿನ್ ವರ್ಷ?"

ಬಾಗಿಲ ಸಂದಿಯಿಂದ ರಮ್ಯಶ್ರೀ ಅಪ್ಪನನ್ನೇ ನೋಡುತ್ತಿದ್ದಳು. ಕಾಡಿಗೆ ಇಳಿಯಲು ಸಿದ್ಧವಾಗಿತ್ತು.

ಬೈಲಪ್ಪ ಅರವತ್ತು ವರ್ಷ ಹೊಟ್ಟೆಯಲ್ಲಿ ಬಚ್ಚಿಟ್ಟುಕೊಂಡಿದ್ದ ಮಾತು ಹೊಸ ಹಲ್ಲು ಬಂದಂತೆ ನೋಯುತ್ತ ನೋಯುತ್ತ ತುಟಿಯವರೆಗೆ ಬಂತು. "ತಾಯೀ, ನಿಜ ಹೇಳ್ಬಿಡ್ತೀನಿ. ನಂಗೆ... ಇದ್ರ ವಿಷಯ... ನಂಗೆ ಗೊ..."

ಅಷ್ಟರಲ್ಲಿ ಅಯ್ಯಮ್ಮ ಕಣ್ಣು ತೆರೆದಳು. ಮಂಗಳಾರತಿಯ ಹೊತ್ತಾಗಿತ್ತು. ಒಂದು ಕೈಯಲ್ಲಿ ಆರತಿ ಎತ್ತಿದಳು. ಇನ್ನೊಂದು ಕೈಯಲ್ಲಿ ಗಂಟೆ ಎತ್ತಿ ಗಣಗಣ ಬಾರಿಸಿದಳು.

"ಬ್ಯಾಡಾ!" ಅಂತ ಚೀರಿದ ಬೈಲಪ್ಪ.

"ಯಾರು ಏನಂದ್ರೂ ನಿಲ್ಲಿಸ್ಬೇಡ ಅಸ್ಗರ್, ಎಳಿ!" ಅಂತ ಗೋಡೆಯಾಚೆಯಿಂದ ಅಕ್ತರ್‌ನ ದನಿ ಕೇಳಿತು.

ಎಡಗೋಡೆ ಎಡಕ್ಕೆ ಬಿತ್ತು. ಬಲಗೋಡೆ ಬಲಕ್ಕೆ ಬಿತ್ತು. ಆ ಸದ್ದಿಗೆ ಮಾನಪ್ಪ ಒಬ್ಬನನ್ನು ಬಿಟ್ಟು ಗರುಡಾಚಾರ್‌ಪಾಳ್ಯವೇ ಎದ್ದು ಕೂತಿತು. ಧೂಳು ಹಿಟ್ಟಿನ ಗಿರಣಿ ಸ್ಫೋಟವಾದಂತೆ ಎದ್ದಿತು. ಯಾರು ಬೀಗರು, ಯಾರು ಬಾಡಿಗೆಯವರು ಅಂತ ಹೆತ್ತವರಿಗೂ ಗುರುತು ಸಿಗದಂತಾಯಿತು. ಆ ಬಿಳಿ ಮಂಜಿನೊಳಗೆ ಗಂಟೆ ಮಾತ್ರ ಗಣಗಣ ಅನ್ನುತ್ತಲೇ ಇತ್ತು.

ಮೆಲ್ಲಗೆ ಧೂಳು ಇಳಿಯಿತು.

ದೀಪ ಉರಿಯುತ್ತಿತ್ತು. ಗಡಿಗೆ ಕೂದಲೆಳೆಯಷ್ಟೂ ಕದಲಿರಲಿಲ್ಲ. ಅಯ್ಯಮ್ಮ ಕೂತ ಜಾಗದಲ್ಲೇ ಕೂತು ಆರತಿ ಬೆಳಗುತ್ತಿದ್ದಳು. ಸುತ್ತಲೂ, ಈ ತುದಿಯಿಂದ ಆ ತುದಿಯವರೆಗೆ, ಹಾಲು. ಉಸಿರು ಹಿಡಿದು ನಿಂತಿದ್ದ ನೆಂಟರು ಎರಡೂ ಕಡೆಗೆ ಚೆಲ್ಲಿಕೊಂಡು, ತಮಗೇ ಗೊತ್ತಿಲ್ಲದೆ ಕಾಲು ಚಾಚಿ ಕೂತಿದ್ದರು.

"ಲೈವ್!" ಅಂತ ಕಿರುಚಿದ ಕೆಂಪರಾಜ್. ಹಲ್ಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. "ಏಳದೇ ಇರೋರನ್ನ ಏಳಿಸದೇ, ಅವರ ಸುತ್ತಾನೇ ಜಾಗ ಸೇರ್ಸಿದ್ರಲ್ಲ! ದೀಪ ಕೂಡ ಆಫ್ ಆಗ್ಲಿಲ್ಲ! ಅಮ್ಮಾ, ಅಳಿಯ ಆದ್ರೆ ಈ ಮನೆಗೇ ಆಗೋದು!" ಅಂದವನು ಆಗ ಮೊದಲ ಸಲ ರಮ್ಯಶ್ರೀಯನ್ನು ಸರಿಯಾಗಿ ನೋಡಿದ. ಧೂಳು ಮೆತ್ತಿದ ಮುಖದಲ್ಲಿ ಅವಳ ನಗು ಎರಡು ಮೊಳ ಅಗಲವಾಗಿತ್ತು. ಹುಡುಗನ ಮಾತು ನಿಂತೇಹೋಯಿತು. ಅದೊಂದು ಮಾತ್ರ ಆ ದಿನ ಆಫ್ ಆದದ್ದು.

ಅಯ್ಯಮ್ಮ ಆರತಿ ತಟ್ಟೆಯನ್ನು ಆಂಜನಮ್ಮನ ಮುಂದೆ ಹಿಡಿದಳು. "ತಗೋರಿ ತಾಯಿ. ದೇವಿ ಮುಂದ ಬಂದೋರು ಬರೀಗೈಲಿ ಹೋಗಬಾರ್ದು. ಇಲ್ಲೇ ತಟ್ಟಿ ಬದಲಾಯ್ಸಿರಿ."

ಆಂಜನಮ್ಮ ಆರತಿ ತಗೊಂಡಳು. ಕಣ್ರೆಪ್ಪೆಯ ಸುಣ್ಣ ಒರೆಸಿಕೊಂಡಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಇಟ್ಟಿಗೆಯ ರಾಶಿಯ ಮೇಲೆ ಹಗ್ಗ ಹಿಡಿದು ನಿಂತ ಅಣ್ಣತಮ್ಮಂದಿರನ್ನು ನೋಡಿದಳು. ಕೊನೆಗೆ, ಮೈಯೆಲ್ಲ ವಿಭೂತಿ ಬಳಿದ ಜಂಗಮನಂತೆ ನಿಂತ ಬೈಲಪ್ಪನನ್ನು ನೋಡಿದಳು.

"ಏನ್ರೀ ಬೀಗರೇ," ಅಂದಳು. "ವರ್ಷ ವರ್ಷ ಹಿಂಗೇ ಮಾಡ್ತೀರಾ?"

ಬೈಲಪ್ಪ ತುಟಿಯವರೆಗೆ ಬಂದಿದ್ದ ಮಾತನ್ನು ಇಟ್ಟಿಗೆ ಪುಡಿಯ ಸಮೇತ ನುಂಗಿದ. ಬೆನ್ನು ನೆಟ್ಟಗಾಯಿತು. ಕೈ ತಾನಾಗಿಯೇ ಮೀಸೆಗೆ ಹೋಯಿತು.

"ಈ ವರ್ಷ ಧೂಳು ಸ್ವಲ್ಪ ಜಾಸ್ತಿ ಆಯ್ತು ತಾಯಿ," ಅಂದ.